ಹೊಸ ಊರಿನಲ್ಲಿ ಸಸಿ, ಸೊಪ್ಪು, ಹಾಲು, ಮೊಟ್ಟೆ: ಬೆಳೆದವರನ್ನು ಹುಡುಕುವ ಬಗೆ

ಮನೆ ಬದಲಿಸಿ ಬಂದವರು ಸಾಮಾನು ಬಿಚ್ಚಿದ ವಾರದಲ್ಲೇ ಎರಡು ತಪ್ಪು ಮಾಡುತ್ತಾರೆ. ಕಣ್ಣಿಗೆ ಬಿದ್ದ ಮೊದಲ ನರ್ಸರಿಯಿಂದ ಹತ್ತು ಹದಿನೈದು ಗಿಡ ಹೊತ್ತು ತರುವುದು ಒಂದು. ಹತ್ತಿರದ ದೊಡ್ಡ ಅಂಗಡಿಯನ್ನೇ ತರಕಾರಿಗೆ ಗೊತ್ತುಮಾಡಿಕೊಂಡು ಬೇರೆ ಕಡೆ ನೋಡುವುದನ್ನೇ ಬಿಡುವುದು ಇನ್ನೊಂದು. ತಂದ ಗಿಡಗಳಲ್ಲಿ ಎಷ್ಟೋ ಒಂದೆರಡು ತಿಂಗಳಲ್ಲಿ ಒಣಗುತ್ತವೆ. ಎರಡು ರಸ್ತೆ ಆಚೆ ಯಾರೋ ಬೆಳಗಿನ ಜಾವ ಕೊಯ್ದ ಸೊಪ್ಪನ್ನು ಮಾರುತ್ತಿದ್ದರು ಎಂಬುದು ವರ್ಷ ಕಳೆದ ಮೇಲೆ ತಿಳಿಯುತ್ತದೆ.

ಮೊದಲು ಆಹಾರದ ಮೂಲ ಹುಡುಕಿ, ಆಮೇಲೆ ಗಿಡದ ಮೂಲ. ಸೊಪ್ಪು ಕೆಟ್ಟದಾಗಿ ಬಂದರೆ ಒಂದು ಹೊತ್ತಿನ ಊಟ ಕೆಡುತ್ತದೆ, ಅಷ್ಟೇ. ಗಿಡ ತಪ್ಪಾಗಿ ಬಂದರೆ ಒಂದು ವರ್ಷ ಹೋಗುತ್ತದೆ, ಕೆಲವೊಮ್ಮೆ ಮಣ್ಣೂ ಹಾಳಾಗುತ್ತದೆ. ತರಕಾರಿ ಬೆಳೆಯುವವರ ಪರಿಚಯವಾದರೆ ಆ ನೆಲಕ್ಕೆ ಯಾವ ತಳಿ ಒಗ್ಗುತ್ತದೆ, ಸಸಿ ಯಾರ ಹತ್ತಿರ ಚೆನ್ನಾಗಿರುತ್ತದೆ ಎನ್ನುವುದೆಲ್ಲ ಮಾತಿನ ನಡುವೆ ತಾನಾಗಿ ಬರುತ್ತದೆ.

ಮೊದಲ ಎರಡು ವಾರ

ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಏನು ಕೊಂಡಿರಿ, ಯಾರಿಂದ, ಯಾವ ದಿನ, ಯಾವಾಗ ಕೊಯ್ದದ್ದು ಎಂದರು, ಮನೆಯಲ್ಲಿ ಎಷ್ಟು ದಿನ ತಾಳಿತು: ಈ ಐದು ಸಂಗತಿ ಸಾಕು. ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಕೊನೆಯದು. "ಇವತ್ತು ಬೆಳಿಗ್ಗೆ ಕೊಯ್ದದ್ದು" ಎಂದ ಸೊಪ್ಪು ನೆರಳಲ್ಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೂ ಸಂಜೆಯೊಳಗೆ ಹಳದಿಯಾದರೆ ಆ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದು ಗೊತ್ತಾಗುತ್ತದೆ.

ಜೊತೆಗೆ ಕಾಲ್ನಡಿಗೆಯಲ್ಲಿ ಸುತ್ತಿ. ಮನೆಗಳ ಕಾಂಪೌಂಡಿನೊಳಗೆ ಯಾವ ಗಿಡ ಸೊಂಪಾಗಿದೆ, ಯಾವುದು ಸೊರಗಿದೆ ನೋಡಿ. ಒಂದೇ ಜಾತಿ ಐದಾರು ಮನೆಗಳಲ್ಲಿ, ಬೇರೆ ಬೇರೆ ವಯಸ್ಸಿನಲ್ಲಿ ಚೆನ್ನಾಗಿ ಕಂಡರೆ ಅದು ಆ ಹವೆಗೆ, ಆ ನೀರಿಗೆ ಒಗ್ಗಿದೆ ಎಂದರ್ಥ. ಎಳೆ ಗಿಡಗಳೇ ಕಾಣುತ್ತಿದ್ದು ಹಳೆಯದು ಒಂದೂ ಕಾಣದಿದ್ದರೆ ಅನುಮಾನಪಡಬೇಕು: ನರ್ಸರಿಗಳು ಪ್ರತಿ ವರ್ಷ ಮಾರುತ್ತವೆ, ಅದು ಪ್ರತಿ ವರ್ಷ ಸಾಯುತ್ತದೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದ ಗಿಡಗಳು ಬೀದಿ ತುಂಬ ಕಂಡರೆ ಅಲ್ಲಿನ ಮಣ್ಣೋ ನೀರೋ ಕ್ಷಾರವಾಗಿರಬಹುದು. ಅಂಥಲ್ಲಿ ಬೇರಿಗೆ ಕಬ್ಬಿಣದ ಅಂಶ ಸಿಗುವುದಿಲ್ಲ. ಹುಳಿ ಮಣ್ಣು ಬೇಡುವ ಗಿಡಗಳನ್ನು ಅಂಥ ಊರಿನಲ್ಲಿ ನೆಲದಲ್ಲಿ ನೆಡದೆ ಕುಂಡದಲ್ಲಿ ಬೆಳೆಸುವುದೇ ಲೇಸು.

ಯಾರನ್ನು ಕೇಳಬೇಕು

"ಇಲ್ಲಿ ಒಳ್ಳೆ ತರಕಾರಿ ಎಲ್ಲಿ ಸಿಗುತ್ತೆ?" ಎಂದು ಕೇಳಿದರೆ ಪ್ರತಿಯೊಬ್ಬರೂ ತಮಗೆ ಹತ್ತಿರದ ಅಂಗಡಿಯನ್ನೇ ತೋರಿಸುತ್ತಾರೆ. ಪ್ರಶ್ನೆ ಬದಲಾಗಬೇಕು. "ಇಲ್ಲಿ ಸುತ್ತಮುತ್ತ ತರಕಾರಿ ಬೆಳೆಯುವವರು ಯಾರಿದ್ದಾರೆ? ಯಾವ ದಿನ ತರುತ್ತಾರೆ?" ಎಂದು ಕೇಳಿ.

ಬೆಳೆಯುವವರಿಗೆ ಸಾಮಾನು ಮಾರುವವರಿಗೆ ಬೆಳೆಯುವವರೆಲ್ಲ ಗೊತ್ತು. ಹೊಸಬರು ಸಾಮಾನ್ಯವಾಗಿ ತಟ್ಟದ ಬಾಗಿಲು ಇದು. ಬೀಜ, ಗೊಬ್ಬರದ ಅಂಗಡಿ, ಕೋಳಿ, ದನಗಳ ಮೇವು ಮಾರುವ ಅಂಗಡಿ, ಪಶುವೈದ್ಯರು, ಪಂಪ್ ರಿಪೇರಿ ಮಾಡುವವರು. ಹತ್ತು ಹದಿನೈದು ಕೋಳಿ ಸಾಕಿ ಹೆಚ್ಚಾದ ಮೊಟ್ಟೆ ಮಾರುವ ಮನೆ ಯಾವುದು ಎನ್ನುವುದು ಮೇವಿನ ಅಂಗಡಿಯವರಿಗೆ ತಿಳಿದಷ್ಟು ಇನ್ಯಾರಿಗೂ ತಿಳಿದಿರುವುದಿಲ್ಲ. ತಾಜಾ ತರಕಾರಿಯಿಂದಲೇ ಹೆಸರು ಮಾಡಿದ ಸಣ್ಣ ಹೋಟೆಲುಗಳ ಅಡುಗೆಯವರನ್ನೂ ಕೇಳಬಹುದು, ಆದರೆ ಊಟದ ಹೊತ್ತಿನಲ್ಲಲ್ಲ.

ಗಿಡಕ್ಕೆ ಬೇರೆ ದಾರಿಗಳಿವೆ. ಸರಕಾರಿ ತೋಟಗಾರಿಕೆ ಇಲಾಖೆಯ ನರ್ಸರಿ, ಕೃಷಿ ವಿಶ್ವವಿದ್ಯಾಲಯ, ಸಸ್ಯೋದ್ಯಾನದ ವಾರ್ಷಿಕ ಮಾರಾಟ, ಬೀಜ ವಿನಿಮಯದ ಕೂಟ, ಸಮುದಾಯ ತೋಟ. ಇಂಥ ಕಡೆ ಗಿಡ ನೋಡಲು ಸಾದಾ ಇರುತ್ತದೆ, ಹೂ ತುಂಬಿ ನಿಂತಿರುವುದಿಲ್ಲ, ಹೆಸರಿನ ಚೀಟಿ ಮಾತ್ರ ಸಾಮಾನ್ಯವಾಗಿ ನಂಬಬಹುದಾದದ್ದು. ಹಣ್ಣಿನ ಗಿಡ ಕೊಳ್ಳುವವರಿಗೆ ಅದೇ ಮುಖ್ಯ, ಏಕೆಂದರೆ ತಳಿ ಸುಳ್ಳಾಗಿದ್ದರೆ ಅದು ಬಯಲಾಗುವುದು ಮೂರು ನಾಲ್ಕು ವರ್ಷದ ನಂತರ.

ನೆರೆಯವರ ತೋಟದಲ್ಲಿ ಇಷ್ಟವಾದ ಗಿಡ ಕಂಡರೆ ಬೇಲಿಯಾಚೆ ನಿಂತು ಕಡ್ಡಿ ಕೇಳುವ ಮೊದಲು ಗಿಡದ ಬಗ್ಗೆ ಕೇಳಿ. ಯಾವಾಗ ನೆಟ್ಟದ್ದು, ನೀರು ಎಷ್ಟು, ಯಾವ ಕಾಲದಲ್ಲಿ ಸವರುತ್ತೀರಿ. ಗಿಡ ಬೆಳೆಸುವವರು ಇಂಥ ಪ್ರಶ್ನೆ ಕೇಳಿದವರಿಗೆ ಕಡ್ಡಿಯನ್ನು ತಾವಾಗಿಯೇ ಕತ್ತರಿಸಿ ಕೊಡುತ್ತಾರೆ.

ಸಂತೆಯಲ್ಲಿ ಬೆಳೆಗಾರರನ್ನು ಗುರುತಿಸುವುದು

ಸಂತೆಯಲ್ಲಿ ಕೂತವರೆಲ್ಲ ಬೆಳೆದವರಲ್ಲ. ಸಗಟು ಮಾರುಕಟ್ಟೆಯಿಂದ ತಂದು ಮಾರುವವರೂ ಅದೇ ಚಾಪೆಯ ಮೇಲೆ, ಅದೇ ಬುಟ್ಟಿಯಲ್ಲಿ ಇಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಈರುಳ್ಳಿ, ಆಲೂಗಡ್ಡೆ, ಒಣ ಕಾಳುಗಳಂಥ ತಾಳುವ ಪದಾರ್ಥಗಳಿಗೆ ಅವರೇ ಸರಿ. ಸೊಪ್ಪು, ಬೀನ್ಸ್, ಜೋಳದ ತೆನೆ, ಟೊಮೆಟೊ ಇಂಥವುಗಳಿಗೆ ಬೆಳೆದವರೇ ಬೇಕು.

ಬೆಳೆದವರ ಹತ್ತಿರ ನಾಲ್ಕೈದು ಬಗೆ ಮಾತ್ರ ಇರುತ್ತದೆ, ಅದೂ ರಾಶಿಯಾಗಿ. ಕಾಯಿಗಳು ಒಂದೇ ಅಳತೆಯಲ್ಲಿರುವುದಿಲ್ಲ, ಬೇರಿನಲ್ಲಿ ಹಸಿ ಮಣ್ಣು ಅಂಟಿರುತ್ತದೆ. ಕಳೆದ ವಾರ ಇದ್ದದ್ದು ಈ ವಾರ ಇರುವುದಿಲ್ಲ. ಇಪ್ಪತ್ತೈದು ಬಗೆಯ ತರಕಾರಿ, ಅದರಲ್ಲಿ ಚಳಿಯ ಬೆಳೆಯೂ ಬಿಸಿಲಿನ ಬೆಳೆಯೂ ಒಟ್ಟಿಗೆ, ಎಲ್ಲವೂ ಒಂದೇ ಗಾತ್ರ, ಪೆಟ್ಟಿಗೆಯ ಮೇಲೆ ಬೇರೆ ಊರಿನ ಮುದ್ರೆ ಇದ್ದರೆ ಅದು ವ್ಯಾಪಾರಿಯ ಸರಕು. ಬೇಕೆಂದೇ ಮಣ್ಣು ಸವರಿ ಇಡುವವರೂ ಇದ್ದಾರೆ. ಹಾಗಾಗಿ ಕಣ್ಣಿನ ಗುರುತು ಒಂದನ್ನೇ ನೆಚ್ಚಿಕೊಳ್ಳದೆ ಮಾತಾಡಿಸಬೇಕು.

"ಇದು ಯಾವ ತಳಿ? ಯಾವಾಗ ಕೊಯ್ದಿರಿ? ಮುಂದಿನ ವಾರ ಏನು ಬರುತ್ತೆ? ಈ ಸಲ ಯಾವ ಬೆಳೆ ಕೈಕೊಟ್ಟಿತು?" ಕೊನೆಯ ಪ್ರಶ್ನೆಗೆ ಬೆಳೆದವರು ನಿಂತು ಉತ್ತರ ಕೊಡುತ್ತಾರೆ: ಮಳೆ ಜಾಸ್ತಿಯಾಗಿ ಹೂ ಉದುರಿತು, ಬಿಳಿ ನೊಣ ಬಿದ್ದು ಎಲೆ ಮುದುರಿತು, ಬಾವಿ ಇಳಿಯಿತು. ತಂದು ಮಾರುವವರಿಗೆ ಈ ಪ್ರಶ್ನೆ ಅರ್ಥವೇ ಆಗುವುದಿಲ್ಲ.

ಕೀಟನಾಶಕದ ವಿಚಾರವನ್ನು "ಔಷಧಿ ಹೊಡೀತೀರಾ?" ಎಂದು ಕೇಳಬೇಡಿ. ಆ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ, ಕೇಳಿದವರಿಗೂ ಏನೂ ತಿಳಿಯುವುದಿಲ್ಲ. "ಹುಳ ಬಿದ್ದರೆ ಏನು ಮಾಡ್ತೀರಿ? ಹೊಡೆದ ಎಷ್ಟು ದಿನಕ್ಕೆ ಕೊಯ್ತೀರಿ?" ಎನ್ನಿ. ಪ್ರತಿ ಔಷಧಿಯ ಡಬ್ಬದ ಮೇಲೂ ಹೊಡೆದ ದಿನದಿಂದ ಕೊಯ್ಲಿನವರೆಗೆ ಎಷ್ಟು ದಿನ ಬಿಡಬೇಕು ಎಂದು ಬರೆದಿರುತ್ತದೆ; ಕೆಲವಕ್ಕೆ ಒಂದೇ ದಿನ, ಕೆಲವಕ್ಕೆ ವಾರಗಳು. ಬೆಳೆಗೆ ಬೆಳೆಗೆ ಅದು ಬೇರೆಯಾಗುತ್ತದೆ. "ಬದನೆಗೆ ಹೊಡೆದಿದ್ದೆ, ಈ ವಾರ ಅದನ್ನು ಕೊಯ್ದಿಲ್ಲ" ಎನ್ನುವವರು "ನಾವು ಏನೂ ಹಾಕಲ್ಲ" ಎಂದು ಥಟ್ಟನೆ ಹೇಳುವವರಿಗಿಂತ ನಂಬಿಕೆಗೆ ಯೋಗ್ಯರು.

ಹೋಗುವ ಹೊತ್ತೂ ಮುಖ್ಯ. ಒಳ್ಳೆಯದು ಬೇಕಾದರೆ ಅಂಗಡಿ ಹೂಡುವ ಹೊತ್ತಿಗೇ ಇರಬೇಕು. ಮಾತಾಡಬೇಕಾದರೆ ಮುಗಿಯುವ ಮುನ್ನಿನ ಅರ್ಧ ಗಂಟೆ ಒಳ್ಳೆಯದು, ಆಗ ಬೆಳೆಗಾರರಿಗೂ ಬಿಡುವಿರುತ್ತದೆ. ಮೊದಲ ಸಲ ಸ್ವಲ್ಪವೇ ಕೊಳ್ಳಿ, ಮೂರು ವಾರ ಒಬ್ಬರ ಹತ್ತಿರವೇ ಹೋಗಿ. ಮೂರನೆಯ ವಾರದಿಂದ ಬುಟ್ಟಿಯ ಕೆಳಗೆ ಎತ್ತಿಟ್ಟ ಒಳ್ಳೆಯ ಕಟ್ಟು ಹೊರಬರುತ್ತದೆ.

ಕೈಯಲ್ಲಿ ಹಿಡಿದು ನೋಡುವುದು

ಸೊಪ್ಪನ್ನು ಎಲೆ ನೋಡಿ ಅಳೆಯಬಾರದು. ನೀರು ಚಿಮುಕಿಸಿದರೆ ಬಾಡಿದ ಎಲೆಯೂ ಒಂದು ಗಂಟೆ ನಿಗುರಿ ನಿಲ್ಲುತ್ತದೆ. ಕಟ್ಟನ್ನು ತಿರುಗಿಸಿ, ಕೊಯ್ದ ತುದಿ ನೋಡಿ. ಅಂದೇ ಕೊಯ್ದದ್ದಾದರೆ ತುದಿ ತೇವವಾಗಿ, ತಿಳಿ ಹಸಿರಾಗಿರುತ್ತದೆ. ಉಗುರಿನಿಂದ ಒತ್ತಿದರೆ ರಸ ಒಸರುತ್ತದೆ. ಒಂದು ದಿನ ಕಳೆದರೆ ಒಣಗಿ ಬಿಳಿಚುತ್ತದೆ, ಎರಡು ದಿನ ಕಳೆದರೆ ಕಂದಾಗಿ ಅಂಚು ಒಳಸೇರುತ್ತದೆ. ಆಮೇಲೆ ಕಟ್ಟಿನ ನಟ್ಟನಡುವಿಗೆ ಬೆರಳು ಹಾಕಿ. ಬಿಸಿ ತಾಗಿದರೆ, ಲೋಳೆ ಅಂಟಿದರೆ ಬಿಟ್ಟುಬಿಡಿ. ಕೊಯ್ದ ಸೊಪ್ಪು ಉಸಿರಾಡುತ್ತಲೇ ಇರುತ್ತದೆ. ಬಿಗಿಯಾಗಿ ಕಟ್ಟಿ ಒದ್ದೆ ಮಾಡಿಟ್ಟರೆ ಒಳಗಿನ ಕಾವು ಹೊರಹೋಗದೆ ಮಧ್ಯದಿಂದ ಕೊಳೆಯಲು ಶುರುವಾಗುತ್ತದೆ. ಬರೀ ಬಾಡಿದ್ದು, ಕೊಳೆತಿಲ್ಲ ಎಂದಾದರೆ ತುದಿಯನ್ನು ಒಂದು ಸೆಂಟಿಮೀಟರ್ ಕತ್ತರಿಸಿ ತಣ್ಣೀರಿನಲ್ಲಿ 15–20 ನಿಮಿಷ ಇಟ್ಟರೆ ಎದ್ದು ಬರುತ್ತದೆ.

ಸಿಹಿ ಜೋಳ, ಹಸಿ ಬಟಾಣಿಗಳ ಸಕ್ಕರೆ ಕೊಯ್ದ ಗಳಿಗೆಯಿಂದಲೇ ಪಿಷ್ಟವಾಗತೊಡಗುತ್ತದೆ, ಬಿಸಿಲಿನಲ್ಲಿ ಇನ್ನೂ ಬೇಗ. ಬೆಳೆದವರಿಂದ ಕೊಂಡರೆ ರುಚಿಯ ವ್ಯತ್ಯಾಸ ಢಾಳಾಗಿ ತಿಳಿಯುವುದು ಇವೆರಡರಲ್ಲೇ. ತಂದ ದಿನವೇ ಬೇಯಿಸಿ. ಟೊಮೆಟೊ ಇದಕ್ಕೆ ತದ್ವಿರುದ್ಧ: 12 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಿನಲ್ಲಿ ಇಟ್ಟರೆ ಪರಿಮಳ ಹೋಗುತ್ತದೆ, ಕಾಯಿ ಸರಿಯಾಗಿ ಹಣ್ಣಾಗುವುದಿಲ್ಲ. ಫ್ರಿಜ್ಜಿನ ಹೊರಗೇ ಇರಲಿ, ಆದರೆ ಸೊಪ್ಪಿನ ಪಕ್ಕದಲ್ಲಿ ಬೇಡ. ಹಣ್ಣಾಗುವಾಗ ಬಿಡುವ ಎಥಿಲೀನ್ ಅನಿಲ ಸೊಪ್ಪನ್ನು ಬೇಗ ಹಳದಿ ಮಾಡುತ್ತದೆ.

ಮೊಟ್ಟೆಯ ಸಿಪ್ಪೆಯ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ, ಒಳಗಿನ ಹಳದಿ ಭಾಗದ ಬಣ್ಣ ಮೇವಿನಿಂದ. ಎರಡೂ ತಾಜಾತನವನ್ನು ಹೇಳುವುದಿಲ್ಲ. ತಾಜಾತನಕ್ಕೆ ನೀರಿನ ಪರೀಕ್ಷೆ ಇದೆ. ಸಿಪ್ಪೆಯ ಸಾವಿರಾರು ಸೂಕ್ಷ್ಮ ರಂಧ್ರಗಳಿಂದ ತೇವ ಹೊರಹೋಗುತ್ತ, ಮೊಂಡು ತುದಿಯ ಗಾಳಿಚೀಲ ದಿನದಿಂದ ದಿನಕ್ಕೆ ದೊಡ್ಡದಾಗುತ್ತದೆ. ಲೋಟದ ನೀರಿನಲ್ಲಿ ಅಡ್ಡ ಮಲಗಿದರೆ ಹೊಸದು, ತಳದಲ್ಲೇ ನೆಟ್ಟಗೆ ನಿಂತರೆ ಹಳೆಯದು, ತೇಲಿದರೆ ತುಂಬ ಹಳೆಯದು. ಈ ಪರೀಕ್ಷೆ ವಯಸ್ಸನ್ನು ಮಾತ್ರ ಹೇಳುತ್ತದೆ. ಸಾಲ್ಮೊನೆಲ್ಲಾ ರೋಗಾಣು ಇದೆಯೋ ಇಲ್ಲವೋ ನೀರಿಗೆ ಗೊತ್ತಾಗುವುದಿಲ್ಲ, ಬೇಯಿಸಿಯೇ ತಿನ್ನಬೇಕು. ಇಟ್ಟ ಮೊಟ್ಟೆಯ ಮೇಲೆ ಆ ರಂಧ್ರಗಳನ್ನು ಮುಚ್ಚುವ ಒಂದು ತೆಳು ಲೇಪ ಇರುತ್ತದೆ, ತೊಳೆದರೆ ಅದು ಹೋಗುತ್ತದೆ. ಆದ್ದರಿಂದ ಮಾರುವವರನ್ನು "ತೊಳೆದಿದ್ದೀರಾ?" ಎಂದು ಕೇಳಿ. ತೊಳೆದದ್ದಾದರೆ ನೇರ ಫ್ರಿಜ್ಜಿಗೆ. ತೊಳೆಯದ್ದನ್ನು ಬಳಸುವ ಮುನ್ನ ತೊಳೆದರೆ ಸಾಕು. ಹಿಕ್ಕೆ ಮೆತ್ತಿದ್ದನ್ನು ಕೊಳ್ಳಲೇಬೇಡಿ.

ಹಾಲಿನಲ್ಲಿ ಕೇಳಬೇಕಾದ್ದು ಕರೆದ ಹೊತ್ತು, ತಣಿಸಿದ ಬಗೆ, ದನಕ್ಕೆ ಇತ್ತೀಚೆಗೆ ಔಷಧಿ ಕೊಟ್ಟಿದ್ದಾರೆಯೇ ಎಂಬುದು. ಆಂಟಿಬಯಾಟಿಕ್ ಕೊಟ್ಟರೆ ಇಂತಿಷ್ಟು ದಿನ ಹಾಲು ಮಾರಬಾರದು ಎಂಬ ಅವಧಿ ಇರುತ್ತದೆ. ಇದನ್ನು ಕೇಳಿದಾಗ ಮುಖ ಗಂಟಿಕ್ಕುವವರನ್ನು ಬಿಟ್ಟು ಬೇರೆಯವರನ್ನು ನೋಡಿ. ಲ್ಯಾಕ್ಟೋಮೀಟರ್ ಒಂದನ್ನೇ ನಂಬಬೇಡಿ: ನೀರು ಬೆರೆಸಿದರೆ ಹಾಲಿನ ಸಾಂದ್ರತೆ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ, ಎರಡನ್ನೂ ಮಾಡಿದವರ ಹಾಲು ಲ್ಯಾಕ್ಟೋಮೀಟರಿನಲ್ಲಿ ಸರಿಯಾಗಿಯೇ ಕಾಣುತ್ತದೆ. ಎಷ್ಟೇ ಪರಿಚಿತರು ಕೊಟ್ಟ ಹಸಿ ಹಾಲಾದರೂ ಕಾಯಿಸದೆ ಕುಡಿಯಬಾರದು. ಬ್ರುಸೆಲ್ಲಾ, ಕ್ಷಯ, ಲಿಸ್ಟೀರಿಯಾ ರೋಗಾಣುಗಳು ಆರೋಗ್ಯವಾಗಿ ಕಾಣುವ ದನದ ಹಾಲಿನಲ್ಲೂ ಇರಬಹುದು. ಪಾಶ್ಚರೀಕರಣಕ್ಕೆ 63 ಡಿಗ್ರಿಯಲ್ಲಿ 30 ನಿಮಿಷ, ಇಲ್ಲವೇ 72 ಡಿಗ್ರಿಯಲ್ಲಿ 15 ಸೆಕೆಂಡ್ ಬೇಕು. ಮನೆಯಲ್ಲಿ ತಿರುವುತ್ತ ಒಂದು ಉಕ್ಕು ಬರಿಸಿದರೆ ಇದನ್ನು ಮೀರುತ್ತದೆ. ಕೂಡಲೇ ತಣಿಸಿ 4 ಡಿಗ್ರಿಯ ಆಸುಪಾಸಿನಲ್ಲಿಡಿ.

ಜೇನುತುಪ್ಪ ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಎಂದು ಜಗಳಕ್ಕೆ ಹೋಗಬೇಡಿ. ಅದು ಜೇನಿನ ಸಹಜ ಗುಣ, ಗ್ಲೂಕೋಸ್ ಹೆಚ್ಚಿದ್ದಷ್ಟೂ ಬೇಗ ಗಟ್ಟಿಯಾಗುತ್ತದೆ. ನೀರಿನಲ್ಲಿ ಬಿಡುವುದು, ಬೆಂಕಿಕಡ್ಡಿ ಅದ್ದಿ ಹಚ್ಚುವುದು ಮುಂತಾದ ಮನೆ ಪರೀಕ್ಷೆಗಳಿಂದ ಕಲಬೆರಕೆ ಪತ್ತೆಯಾಗುವುದಿಲ್ಲ. ಹುಳಿ ವಾಸನೆ, ನೊರೆ ಇದ್ದರೆ ಮಾತ್ರ ಬಿಡಿ. ತೇವಾಂಶ 20 ಶೇಕಡ ದಾಟಿದ ಜೇನು ಹುದುಗುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಎಂಥ ಶುದ್ಧ ಜೇನನ್ನೂ ನೆಕ್ಕಿಸಬಾರದು. ಅದರಲ್ಲಿರಬಹುದಾದ, ಬೊಟುಲಿಸಮ್ ಎಂಬ ನಂಜಿನ ರೋಗ ತರುವ ಬೀಜಾಣುಗಳನ್ನು ಎಳೆ ಕರುಳು ತಡೆಯಲಾರದು, ಇದು ಜೀವದ ಪ್ರಶ್ನೆ.

ಸಾವಯವ ಎಂಬ ಮಾತು

ಫಲಕದ ಮೇಲೆ ಬರೆದದ್ದು ಪ್ರಮಾಣಪತ್ರವಲ್ಲ. ಪತ್ರ ಇದ್ದರೆ ಮೂರು ಸಂಗತಿ ನೋಡಿ: ಯಾರ ಹೆಸರಿನಲ್ಲಿದೆ, ಯಾವ ಬೆಳೆಗಳಿಗೆ, ಯಾವ ದಿನಾಂಕದವರೆಗೆ. ಭತ್ತಕ್ಕೆ ಪಡೆದ ಪತ್ರವನ್ನು ತರಕಾರಿಯ ಬುಟ್ಟಿಯ ಮೇಲೆ ತೂಗುಹಾಕುವುದು ಅಪರೂಪವಲ್ಲ. ಸಾಮಾನ್ಯ ಜಮೀನು ಸಾವಯವಕ್ಕೆ ಬದಲಾಗಲು ಹೆಚ್ಚಿನ ನಿಯಮಗಳ ಪ್ರಕಾರ ಎರಡರಿಂದ ಮೂರು ವರ್ಷ ಹಿಡಿಯುತ್ತದೆ, ಹಾಗಾಗಿ ಕಳೆದ ವರ್ಷ ಶುರುಮಾಡಿದವರು ಇನ್ನೂ ದಾರಿಯಲ್ಲಿರುತ್ತಾರೆ. ಪತ್ರಕ್ಕೆ ಹಣ ಹೊಂದಿಸಲಾಗದೆ ಅದೇ ರೀತಿ ಬೆಳೆಯುವ ಸಣ್ಣ ರೈತರೂ ಬಹಳ. ರೈತರೇ ಗುಂಪು ಕಟ್ಟಿ ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುವ ಸಹಭಾಗಿ ಖಾತರಿ ಪದ್ಧತಿ ಹಲವು ದೇಶಗಳಲ್ಲಿ ಇರುವುದು ಇಂಥವರಿಗಾಗಿಯೇ. "ಒಂದು ದಿನ ಬಂದು ನೋಡಬಹುದೇ?" ಎಂದು ಕೇಳಿ. ಕೊಯ್ಲಿನ ದಿನವಲ್ಲದೆ ಬೇರೆ ದಿನ ಬನ್ನಿ ಎಂದರೆ ಅದು ಒಪ್ಪಿಗೆಯೇ.

ಹೋದಾಗ ಬೆಳೆಗಿಂತ ಬದುಗಳನ್ನು ನೋಡಿ. ಒಂದೂ ಕಳೆಯಿಲ್ಲದೆ ಬೋಳಾಗಿ, ಹುಲ್ಲು ಸುಟ್ಟಂತೆ ಕಂದಾಗಿದ್ದರೆ ಅಲ್ಲಿ ಕಳೆನಾಶಕ ಬಿದ್ದಿರಬಹುದು. ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ತಪ್ಪದೆ ಕೇಳಿ. ಹಸಿಯಾಗಿ ತಿನ್ನುವ ಸೊಪ್ಪು ಚರಂಡಿ ನೀರಿನಲ್ಲಿ ಬೆಳೆದದ್ದಾದರೆ ಅದರ ಬೇರೆ ಗುಣಗಳೆಲ್ಲ ವ್ಯರ್ಥ.

ವಾರದ ಬುಟ್ಟಿ

ಬೆಳೆಗಾರರಿಗೆ ಹಂಗಾಮಿನ ಆರಂಭದಲ್ಲೇ ಹಣ ಕೊಟ್ಟು, ಪ್ರತಿ ವಾರ ಬೆಳೆದದ್ದರಲ್ಲಿ ಪಾಲು ಪಡೆಯುವ ಏರ್ಪಾಡು ಈಗ ಅನೇಕ ಕಡೆ ಇದೆ. ಜಪಾನಿನಲ್ಲಿ 1970ರ ದಶಕದಲ್ಲಿ 'ತೇಯ್‌ಕೇ' ಎಂಬ ಹೆಸರಿನಲ್ಲಿ ಇದು ಬೆಳೆಯಿತು. ಅಮೆರಿಕದಲ್ಲಿ 1986ರಲ್ಲಿ ಎರಡು ತೋಟಗಳು ಈ ಕ್ರಮ ಶುರುಮಾಡಿದವು. ಇದರ ತಿರುಳು ನಷ್ಟವನ್ನೂ ಹಂಚಿಕೊಳ್ಳುವುದು. ಆಲಿಕಲ್ಲು ಬಿದ್ದ ವಾರ ಬುಟ್ಟಿ ಅರ್ಧ ಬರುತ್ತದೆ. ಇದು ಗೊತ್ತಿಲ್ಲದೆ ಸೇರಿದವರೇ ನಡುವೆ ಬಿಡುವವರು.

ಹೊಸಬರು ಮೊದಲ ಹಂಗಾಮಿಗೆ ಅರ್ಧ ಪಾಲು ತೆಗೆದುಕೊಳ್ಳುವುದು ಒಳ್ಳೆಯದು. ಸೇರುವ ಮುನ್ನ ಕೇಳಿ: ಕಳೆದ ವರ್ಷ ಇದೇ ತಿಂಗಳಲ್ಲಿ ಬುಟ್ಟಿಯಲ್ಲಿ ಏನೇನಿತ್ತು? ಊರಲ್ಲಿಲ್ಲದ ವಾರ ಏನು ಮಾಡಬೇಕು? ಕಡಿಮೆ ಬಿದ್ದಾಗ ಹೊರಗಿನಿಂದ ತಂದು ತುಂಬಿಸುತ್ತೀರಾ? ಒಂದೇ ಸೊಪ್ಪು ನಾಲ್ಕು ವಾರ ಎಡೆಬಿಡದೆ ಬಂದಾಗ ಅದನ್ನು ಮುಗಿಸುವ ಅಡುಗೆ ಮನೆಯಲ್ಲಿ ಯಾರಿಗಾದರೂ ಬರುತ್ತದೆಯೇ ಎಂಬುದನ್ನೂ ಯೋಚಿಸಿ. ತಾಜಾ ಬುಟ್ಟಿ ವ್ಯರ್ಥವಾಗುವುದು ಹೆಚ್ಚಾಗಿ ಅಲ್ಲೇ.

ನರ್ಸರಿಯಲ್ಲಿ

ಈ ಹೊತ್ತಿಗೆ ಎರಡು ಮೂರು ತಿಂಗಳಾಗಿರುತ್ತದೆ, ಯಾವ ಗಿಡ ಬೇಕು ಎಂಬುದೂ ಸ್ಪಷ್ಟವಾಗಿರುತ್ತದೆ. ನರ್ಸರಿಗಳಲ್ಲಿ ಎರಡು ಬಗೆ: ತಾವೇ ಬೀಜ ಹಾಕಿ, ಕಡ್ಡಿ ನೆಟ್ಟು, ಕಸಿ ಕಟ್ಟುವವರು, ದೂರದಿಂದ ಲಾರಿಯಲ್ಲಿ ತರಿಸಿ ಮಾರುವವರು. ಹಿಂಭಾಗಕ್ಕೆ ಹೋಗಿ ನೋಡಿದರೆ ತಿಳಿಯುತ್ತದೆ. ಸಸಿಮಡಿ, ತಾಯಿಗಿಡಗಳು, ನೆರಳುಪರದೆಯ ಕೆಳಗೆ ಬೆರಳುದ್ದದ ಕಡ್ಡಿಗಳ ಸಾಲು ಇದ್ದರೆ ಅಲ್ಲೇ ಬೆಳೆಸುತ್ತಾರೆ. ದೂರದ ಹಸಿರುಮನೆಯಿಂದ ಬಂದ ಗಿಡ ಅಲ್ಲಿನ ತೇವಕ್ಕೆ, ಅಲ್ಲಿನ ಬೆಳಕಿಗೆ ಒಗ್ಗಿದ್ದು. ಇಲ್ಲಿ ಬಂದ ಕೂಡಲೇ ಎಲೆ ಉದುರಿಸುತ್ತದೆ.

ಗಿಡ ಆರಿಸುವಾಗ ಹೂವಿನ ಕಡೆ ನೋಡಬೇಡಿ. ಮೊದಲು ಎಲೆಯ ಹಿಂಬದಿ: ಎಲೆ ಕಾಂಡ ಸೇರುವ ಸಂದಿನಲ್ಲಿ ಹತ್ತಿಯಂತೆ ಬಿಳಿ ಇದ್ದರೆ ಹಿಟ್ಟು ತಿಗಣೆ, ಸಣ್ಣ ಬಲೆ ಮತ್ತು ಚುಕ್ಕೆ ಇದ್ದರೆ ನುಸಿ, ಮುಟ್ಟಿದಾಗ ಬಿಳಿ ಪುಡಿ ಹಾರಿದಂತಾದರೆ ಬಿಳಿ ನೊಣ. ಎಲೆ ಅಂಟಂಟಾಗಿದ್ದರೆ ಮೇಲೆಲ್ಲೋ ರಸ ಹೀರುವ ಕೀಟ ಕೂತಿದೆ. ಒಂದು ಗಿಡದಲ್ಲಿ ಕಂಡರೆ ಆ ಸಾಲನ್ನೇ ಬಿಡಿ.

ಆಮೇಲೆ ಬೇರು. ಅಂಗೈಯನ್ನು ಮಣ್ಣಿನ ಮೇಲಿಟ್ಟು, ಕಾಂಡ ಬೆರಳುಗಳ ನಡುವೆ ಬರುವಂತೆ ಹಿಡಿದು, ಕುಂಡವನ್ನು ತಲೆಕೆಳಗು ಮಾಡಿ ಅಂಚನ್ನು ಮೆಲ್ಲಗೆ ತಟ್ಟಿದರೆ ಮಣ್ಣಿನ ಹೆಂಟೆ ಹಾಗೇ ಜಾರಿ ಬರುತ್ತದೆ. ಮಾರುವವರ ಅನುಮತಿ ಕೇಳಿಯೇ ಮಾಡಿ. ಒಳ್ಳೆಯ ಗಿಡದಲ್ಲಿ ಹೆಂಟೆಯ ಹೊರಮೈಯಲ್ಲಿ ಬಿಳಿಯ ಇಲ್ಲವೇ ತಿಳಿ ಕಂದಿನ ಬೇರುಗಳು ಅಲ್ಲಲ್ಲಿ ಕಾಣುತ್ತವೆ, ನಡುವೆ ಮಣ್ಣೂ ಕಾಣುತ್ತದೆ, ಮಳೆ ಬಿದ್ದ ನೆಲದ ವಾಸನೆ ಇರುತ್ತದೆ. ಮಣ್ಣೇ ಕಾಣದಂತೆ ಬೇರು ಸುತ್ತಿ ಸುತ್ತಿ ಹಗ್ಗದಂತಾಗಿದ್ದರೆ ಗಿಡ ಆ ಕುಂಡದಲ್ಲಿ ಬಹಳ ಕಾಲ ಉಳಿದಿದೆ; ನೆಲಕ್ಕಿಟ್ಟರೂ ಬೇರು ಹಾಗೇ ಸುತ್ತುತ್ತ, ವರ್ಷಗಳ ನಂತರ ಮರ ತನ್ನ ಬುಡವನ್ನು ತಾನೇ ಬಿಗಿಯುತ್ತದೆ. ಹೂಗಿಡವಾದರೆ ಹೆಂಟೆಯ ಸುತ್ತ ಮೂರು ನಾಲ್ಕು ಕಡೆ ಒಂದು ಸೆಂಟಿಮೀಟರ್ ಆಳಕ್ಕೆ ಮೇಲಿನಿಂದ ಕೆಳಗೆ ಸೀಳಿ ನೆಡಬಹುದು, ಮರದ ಸಸಿಯಾದರೆ ತರಬೇಡಿ. ಬೇರು ಕಪ್ಪಾಗಿ, ಜಗ್ಗಿದರೆ ಸಿಪ್ಪೆ ಕಳಚಿ ಬಂದು ನಾರು ಮಾತ್ರ ಉಳಿದರೆ ಕೊಳೆತಿದೆ. ಬೇರಿನ ಉದ್ದಕ್ಕೂ ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳು. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಮನೆಗೆ ತರಕೂಡದು. ಒಮ್ಮೆ ಮಣ್ಣು ಸೇರಿದರೆ ಟೊಮೆಟೊ, ಬದನೆ, ಬೆಂಡೆ ಎಲ್ಲಕ್ಕೂ ಹಬ್ಬಿ ವರ್ಷಾನುಗಟ್ಟಲೆ ಉಳಿಯುತ್ತದೆ. ಆದರೆ ಅವರೆ, ಬೀನ್ಸ್ ಜಾತಿಯ ಗಿಡಗಳ ಬೇರಿನಲ್ಲಿ ಬದಿಗೆ ಅಂಟಿಕೊಂಡಂಥ, ಉಗುರಿನಿಂದ ಸುಲಭವಾಗಿ ಕಳಚುವ, ಒಳಗೆ ಕೆಂಪಾಗಿರುವ ಗಂಟು ಸಾರಜನಕ ಹಿಡಿಯುವ ಒಳ್ಳೆಯ ಗಂಟು. ಎರಡನ್ನೂ ಬೆರೆಸಬೇಡಿ.

ಕಸಿ ಗಿಡದಲ್ಲಿ ಕಸಿಯ ಗಂಟು ಪೂರ್ತಿ ಕೂಡಿರಬೇಕು, ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಕಾಂಡವನ್ನು ಕೊರೆಯುತ್ತಿರಬಾರದು. ಗಂಟಿನ ಕೆಳಗಿನಿಂದ ಚಿಗುರು ಬಂದಿದ್ದರೆ ಅದು ಬೇರಿಗಾಗಿ ಬಳಸಿದ ಕೆಳಗಿನ ಗಿಡದ್ದು, ಮಾರುವ ತಳಿಯದಲ್ಲ. ನೆಡುವಾಗ ಗಂಟು ಮಣ್ಣಿನಿಂದ 5–8 ಸೆಂಟಿಮೀಟರ್ ಮೇಲಿರಲಿ. ತರಕಾರಿ ಸಸಿಯಲ್ಲಿ ಗಿಡ್ಡಗೆ ದಪ್ಪ ಕಾಂಡದ್ದನ್ನು ಆರಿಸಿ; ಆಗಲೇ ಹೂ ಕಾಯಿ ಹೊತ್ತ ಪುಟ್ಟ ಸಸಿ ಹಸಿವಿನಿಂದ ಅವಸರಪಟ್ಟದ್ದು, ನೆಟ್ಟ ಮೇಲೆ ಸರಿಯಾಗಿ ಬೆಳೆಯುವುದಿಲ್ಲ.

ಕಾಡಿನಿಂದ ಕಿತ್ತು ತಂದ ಆರ್ಕಿಡ್, ಕಳ್ಳಿ ಜಾತಿಯ ಗಿಡಗಳನ್ನು ಕೊಳ್ಳಬೇಡಿ. ಕುಂಡದಲ್ಲಿ ಬೇರು ಹಿಡಿಯದೆ ಸುಮ್ಮನೆ ಇಟ್ಟಂತಿರುವುದು, ಎಲೆಯಲ್ಲಿ ಹಳೆಯ ಗಾಯಗಳು, ಬೇರಿಗೆ ಮರದ ತೊಗಟೆ ಅಂಟಿರುವುದು ಅದರ ಗುರುತು. ಅವುಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು 1975ರಲ್ಲಿ ಜಾರಿಗೆ ಬಂದ, ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಸೈಟ್ಸ್ ಒಪ್ಪಂದ ನಿಯಂತ್ರಿಸುತ್ತದೆ. "ಎಲ್ಲಿ ಹಾಕಿದರೂ ಹಬ್ಬುತ್ತೆ" ಎಂದು ಹೊಗಳಿ ಕೊಡುವ ಗಿಡದ ಬಗ್ಗೆಯೂ ಎಚ್ಚರ ಇರಲಿ. ಲಂಟಾನ, ನೀರಿನ ಮೇಲೆ ತೇಲಿ ಹಬ್ಬುವ ನೀರು ಹಯಸಿಂತ್ ಇವೆರಡೂ ಅಲಂಕಾರದ ಗಿಡಗಳಾಗಿಯೇ ಹೊರಟು ಹೊಲ, ಕೆರೆಗಳನ್ನು ನುಂಗಿದವು.

ಬೀಜ, ಕಡ್ಡಿ, ಕಂದು

ಬೀಜದ ಪೊಟ್ಟಣದಲ್ಲಿ ತಳಿ, ಲಾಟ್ ಸಂಖ್ಯೆ, ಮೊಳಕೆ ಪ್ರಮಾಣ, ಪರೀಕ್ಷಿಸಿದ ದಿನಾಂಕ ಇರಬೇಕು. ಹೈಬ್ರಿಡ್ ಕಾಯಿಯಿಂದ ತೆಗೆದ ಬೀಜ ತಾಯಿಯಂತೆ ಬರುವುದಿಲ್ಲ. ಬೀಜ ಉಳಿಸಿಕೊಳ್ಳುವ ಆಸೆಯಿದ್ದರೆ ನಾಟಿ ತಳಿಯನ್ನೇ ಕೇಳಿ. ವಿನಿಮಯದಲ್ಲಿ ಸಿಕ್ಕ ಬೀಜವನ್ನು ಮಡಿಗೆ ಹಾಕುವ ಮುನ್ನ 20 ಕಾಳನ್ನು ಒದ್ದೆ ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಬೆಚ್ಚಗಿನ ಜಾಗದಲ್ಲಿ 7–10 ದಿನ ಬಿಡಿ. 14 ಮೊಳೆತರೆ 70 ಶೇಕಡ, ಸ್ವಲ್ಪ ಒತ್ತಾಗಿ ಬಿತ್ತಿದರೆ ಸಾಕು. ಹತ್ತಕ್ಕಿಂತ ಕಡಿಮೆಯಾದರೆ ಬೇರೆ ಬೀಜ ನೋಡಿ. ಕೊತ್ತಂಬರಿ ಜಾತಿಯವು, ಮೆಣಸಿನಕಾಯಿ ಇನ್ನೂ ಕೆಲವು ದಿನ ತೆಗೆದುಕೊಳ್ಳುತ್ತವೆ.

ಹಳೆಯ ಊರಿನ ಗಿಡವನ್ನು ಮಣ್ಣಿನ ಸಮೇತ ತರುವ ಆಸೆ ಎಲ್ಲರಿಗೂ ಇರುತ್ತದೆ. ಗಡಿ ದಾಟುವುದಾದರೆ ಮೊದಲು ಸಸ್ಯ ಸಂಪರ್ಕತಡೆ ನಿಯಮ ವಿಚಾರಿಸಿ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಹುತೇಕ ದೇಶಗಳು ಬಿಡುವುದಿಲ್ಲ. ಇದು ಬರೀ ಕಾಗದದ ಕಾಟ ಅಲ್ಲ. ಬಾಳೆಯ ಪನಾಮಾ ಸೊರಗು ರೋಗ ಹೆಚ್ಚಾಗಿ ಹರಡುವುದು ಕಂದು (ಬುಡದಿಂದ ಎದ್ದ ಮರಿಗಿಡ) ಮತ್ತು ಅದಕ್ಕೆ ಅಂಟಿದ ಮಣ್ಣಿನಿಂದ. ನಿಂಬೆ ಜಾತಿಯ ಗ್ರೀನಿಂಗ್ ರೋಗ ರೋಗದ ಗಿಡದಿಂದ ಕತ್ತರಿಸಿದ ಕಸಿಕಡ್ಡಿಯಲ್ಲೂ ಬರುತ್ತದೆ, ಅದಕ್ಕೆ ಮದ್ದಿಲ್ಲ. ಅಡುಗೆಗೆ ತಂದ ಆಲೂಗಡ್ಡೆಯನ್ನು ಬಿತ್ತನೆಗೆ ಬಳಸುವುದೂ ಇದೇ ಜಾತಿಯ ತಪ್ಪು.

ತಂದ ಮೇಲೆ

ಹೊಸ ಗಿಡ ಯಾರೇ ಕೊಟ್ಟದ್ದಿರಲಿ, ಎರಡರಿಂದ ಮೂರು ವಾರ ಬೇರೆ ಗಿಡಗಳಿಂದ ದೂರವಿಡಿ. ಕೀಟದ ಮೊಟ್ಟೆಗಳು ಕಣ್ಣಿಗೆ ಕಾಣುವುದಿಲ್ಲ, ಒಡೆದು ಮರಿಯಾಗಿ ಕಣ್ಣಿಗೆ ಬೀಳಲು ಅಷ್ಟು ದಿನ ಬೇಕಾಗಬಹುದು. ನೆರಳಲ್ಲಿ ಬೆಳೆದ ಸಸಿಯನ್ನು ಬಿಸಿಲಿಗೆ ಒಗ್ಗಿಸಲು 7–10 ದಿನ ಹಿಡಿಯುತ್ತದೆ: ಮೊದಲ ದಿನ ಒಂದು ಗಂಟೆ ಎಳೆ ಬಿಸಿಲು, ಆಮೇಲೆ ದಿನಕ್ಕೆ ಒಂದೊಂದು ಗಂಟೆ ಹೆಚ್ಚು. ಎಲೆಯ ಮೇಲೆ ಕಾಗದದಂಥ ಬಿಳಿ ಮಚ್ಚೆ ಬಿದ್ದರೆ ಅದು ರೋಗವಲ್ಲ, ಬಿಸಿಲಿನ ಸುಡುವಿಕೆ. ಔಷಧಿ ಹೊಡೆಯದೆ ನೆರಳಿಗೆ ಸರಿಸಿ. ಸಂಜೆ ನೆಟ್ಟು, ನೆಟ್ಟ ಕೂಡಲೇ ಬುಡಕ್ಕೆ ತುಂಬ ನೀರು ಕೊಡಿ.

ಪರಿಚಯವಾದ ರೈತರಿಂದಲೇ ಸಗಣಿ ಗೊಬ್ಬರ ತರುವುದಾದರೆ ಒಂದು ಪರೀಕ್ಷೆ ಬಾಕಿಯಿದೆ. ಹುಲ್ಲಿಗೆ ಹೊಡೆದ ಕೆಲವು ಕಳೆನಾಶಕಗಳು ದನದ ಹೊಟ್ಟೆಯನ್ನೂ ಗೊಬ್ಬರದ ಗುಂಡಿಯನ್ನೂ ದಾಟಿ ಉಳಿಯುತ್ತವೆ. ಒಂದು ಭಾಗ ಗೊಬ್ಬರ, ಒಂದು ಭಾಗ ಒಳ್ಳೆಯ ಮಣ್ಣು ಬೆರೆಸಿ ಮೂರು ಕುಂಡಕ್ಕೆ, ಬರೀ ಮಣ್ಣನ್ನು ಇನ್ನು ಮೂರಕ್ಕೆ ತುಂಬಿ; ಎಲ್ಲದರಲ್ಲೂ ಬೀನ್ಸ್ ಬಿತ್ತಿ ಮೂರು ವಾರ ನೋಡಿ. ಗೊಬ್ಬರದ ಕುಂಡಗಳಲ್ಲಿ ಮಾತ್ರ ಹೊಸ ಎಲೆ ಬಟ್ಟಲಿನಂತೆ ಮುದುರಿ, ತುದಿ ಸುರುಳಿಯಾದರೆ ಆ ಗೊಬ್ಬರ ತರಕಾರಿ ಮಡಿಗೆ ಬೇಡ. ಹಾಗೇನೂ ಆಗದಿದ್ದರೂ ಹಸಿ ಗೊಬ್ಬರವನ್ನು ಮಣ್ಣು ಮುಟ್ಟಿ ಬೆಳೆಯುವ ಸೊಪ್ಪು, ಗೆಡ್ಡೆಗಳಿಗೆ ಕೊಯ್ಲಿಗೆ 120 ದಿನ ಮುಂಚೆಯೇ ಹಾಕಿರಬೇಕು, ನೆಲ ಮುಟ್ಟದ ಕಾಯಿಗಳಿಗೆ 90 ದಿನ. ಕಾಯಲು ಪುರುಸೊತ್ತಿಲ್ಲದವರು ಪೂರ್ತಿ ಕಳಿತು, ಕಪ್ಪಗೆ ಪುಡಿಪುಡಿಯಾಗಿ, ಸಗಣಿ ವಾಸನೆ ಹೋಗಿರುವುದನ್ನೇ ಕೇಳಿ ತರಬೇಕು.

ಪ್ರತಿಯೊಂದಕ್ಕೂ ಇಬ್ಬರ ಪರಿಚಯ ಇರಲಿ, ಸಾಧ್ಯವಾದರೆ ಬೇರೆ ಬೇರೆ ದಿಕ್ಕಿನವರು. ಒಬ್ಬರ ಬಾವಿ ಬತ್ತಿದಾಗ, ಕೋಳಿಗಳು ಗರಿ ಉದುರಿಸಿ ಮೊಟ್ಟೆ ನಿಲ್ಲಿಸಿದಾಗ ಇನ್ನೊಬ್ಬರು ಕೈಹಿಡಿಯುತ್ತಾರೆ. ಊರಿಗೆ ಹೋಗುವ ವಾರ ಇದ್ದರೆ ಹಿಂದಿನ ಸಂತೆಯಲ್ಲೇ ಹೇಳಿಬಿಡಿ. ನಿಮಗೆಂದು ಎತ್ತಿಟ್ಟ ಕಟ್ಟು ಸಂಜೆವರೆಗೆ ಕಾದು ಬಾಡಿದರೆ ಮುಂದಿನ ವಾರ ಎತ್ತಿಡುವುದಿಲ್ಲ.